ಸಹಾಯ ಬೇಕು: ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ 165 ಗ್ರೇನ್ (ಬುಲೆಟ್ಟಿನ ತೂಕದ ಅಳತೆ) ಬುಲೆಟ್ಟಾ, 180 ಗ್ರೇನಾ?

ನನ್ನದು .30-06 (ತೋಟಾದ ಅಳತೆಯ ಹೆಸರು) ರೈಫಲ್, ತೋಟಾ ನಾನೇ ಲೋಡ್ ಮಾಡಿಕೊಳ್ಳುತ್ತೇನೆ. ಕಳೆದ ಸಲ ಹಾಕಿದ್ದು 150 ಗ್ರೇನ್, ಸೀಸಕ್ಕೆ ತಾಮ್ರದ ಕವಚ ಇರುವ ಮಾಮೂಲಿ ಬುಲೆಟ್. ಎಲ್ಕ್‌ನ ಭುಜದ ಮೂಳೆಗೆ ತಗುಲಿ ಒಡೆದುಹೋಯ್ತು. ಚರ್ಮದ ಒಳಗೆ ಸಿಕ್ಕ ತುಂಡನ್ನು ತಕ್ಕಡಿಗೆ ಹಾಕಿದರೆ ಬರೀ 70 ಗ್ರೇನ್. ಪ್ರಾಣಿ ಒಂದೇ ಏಟಿಗೆ ಬೀಳಲಿಲ್ಲ, ಅದು ಇನ್ನೂ ಮನಸ್ಸನ್ನು ಚುಚ್ಚುತ್ತಿದೆ.

180 ಆದರೆ ಆಳಕ್ಕೆ ಇಳಿಯುತ್ತದೆ, ಆದರೆ ವೇಗ ಕಮ್ಮಿ, ರೈಫಲ್ ಭುಜಕ್ಕೆ ಕೊಡುವ ಒದೆತ ಜಾಸ್ತಿ ಅಲ್ವಾ? ಪೂರ್ತಿ ತಾಮ್ರದ 165 ತೂಕ ಉಳಿಸಿಕೊಳ್ಳುತ್ತದೆ, ಆದರೆ ಉದ್ದ ಇರುವುದರಿಂದ ಕೇಸ್ (ಮದ್ದು ತುಂಬುವ ತೋಟಾದ ಕೊಳವೆ) ಒಳಗೆ ಜಾಗ ತಿನ್ನುತ್ತದೆ, ಸೀಸದ ಬುಲೆಟ್ಟಿನ ಮದ್ದಿನ ಲೆಕ್ಕ ಅದಕ್ಕೆ ಸುಮ್ನೆ ಹಾಕುವ ಹಾಗಿಲ್ಲ. ನಾನು 250 ಗಜ ದಾಟಿ ಗುಂಡು ಹೊಡೆಯುವುದಿಲ್ಲ. ಎರಡನ್ನೂ ಬಳಸಿದವರು ದಯವಿಟ್ಟು ಹೇಳಿ, ಮೂಳೆಗೆ ಬಿದ್ದಾಗ ಯಾವುದು ಗಟ್ಟಿಯಾಗಿ ನಿಂತಿತು?