ತಾಯಂದಿರ ಭಾನುವಾರಕ್ಕೆ ಯಾವ ವಾಕ್ಯ ಓದಿಸೋದು, ಹೂ ಎಷ್ಟು ತರೋದು?

ತುಂಗಾತೀರ:
ತೀರ್ಥಹಳ್ಳಿ ಕಡೆಯ ಸಣ್ಣ ಕ್ರೈಸ್ತ ಸಭೆ. ಆರಾಧನೆಗೆ ನೂರೈವತ್ತು ಜನ, ಅದರಲ್ಲಿ ಎಂಬತ್ತು ಹೆಂಗಸರು. ಮೇ ಎರಡನೇ ಭಾನುವಾರದ ಹೊಣೆ ಈ ಸಲ ಯುವಜನರದ್ದು. ಬೈಬಲಿನ ಜ್ಞಾನೋಕ್ತಿ 31 ಓದಿಸಿ, ತಾಯಂದಿರನ್ನು ಮುಂದೆ ಕರೆದು ಮಲ್ಲಿಗೆ ಮುಡಿಸಿ, ಊಟ ಹಾಕುವ ಯೋಚನೆ. ಮಕ್ಕಳಿಲ್ಲದವರೂ, ಈಚೆಗೆ ತಾಯಿಯನ್ನು ಕಳಕೊಂಡವರೂ ಇದ್ದಾರೆ. ಏನು ಬದಲಾಯಿಸಬೇಕು?

ಹಳೇಪೀಠ:
ಜ್ಞಾನೋಕ್ತಿ 31ನ್ನು 10ನೇ ವಚನದಿಂದ ಪೂರ್ತಿ ಓದಿಸಬೇಡಿ. ಗುಣವತಿ ಹೆಂಡತಿ ನಸುಕಿಗೇ ಏಳುತ್ತಾಳೆ, ನೂಲುತ್ತಾಳೆ, ಹೊಲ ಕೊಳ್ಳುತ್ತಾಳೆ ಅಂತ 22 ವಚನ ಕೇಳುವಷ್ಟರಲ್ಲಿ ಹೊಗಳಿಕೆ ಹೋಗಿ ಕೆಲಸದ ಪಟ್ಟಿ ಆಗಿರುತ್ತದೆ. 15ನೇ ವಚನದಲ್ಲಿ ಅವಳಿಗೆ ಸೇವಕಿಯರಿದ್ದಾರೆ ಅನ್ನೋದನ್ನು ಯಾರೂ ಎತ್ತಿ ಹೇಳುವುದಿಲ್ಲ! 28ರಿಂದ 31 ಸಾಕು. ಮಕ್ಕಳು ಎದ್ದು ಅವಳನ್ನು ಧನ್ಯಳು ಅನ್ನುವುದು, ಅವಳ ದುಡಿಮೆಯ ಫಲ ಅವಳಿಗೇ ಸಲ್ಲಬೇಕು ಅನ್ನುವುದು ಅಲ್ಲೇ ಇದೆ.

ಮಕ್ಕಳಿಲ್ಲದೆ ಕೊರಗಿದ ಹನ್ನಳ ಕಥೆ ತಗೊಂಡರೆ 1 ಸಮುವೇಲ ಮೊದಲ ಅಧ್ಯಾಯಕ್ಕೇ ನಿಲ್ಲಿಸಬೇಡಿ. ಅತ್ತು ಪ್ರಾರ್ಥಿಸಿದಳು, ಮಗು ಆಯಿತು ಅಂತ ಮುಗಿಸಿದರೆ, ವರ್ಷಗಟ್ಟಲೆ ಪ್ರಾರ್ಥಿಸಿಯೂ ಮಡಿಲು ತುಂಬದವರಿಗೆ ಅದು ಚುಚ್ಚುತ್ತದೆ. 2:19ರವರೆಗೆ ಹೋಗಿ. ಮಗನನ್ನು ಶೀಲೋವಿನ ದೇವಾಲಯದಲ್ಲಿ ಬಿಟ್ಟ ತಾಯಿ ವರ್ಷವರ್ಷವೂ ಒಂದು ಚಿಕ್ಕ ನಿಲುವಂಗಿ ಹೊಲಿದು ಒಯ್ಯುತ್ತಾಳೆ. ಹಾಸ್ಟೆಲಿಗೆ, ಬೆಂಗಳೂರಿಗೆ ಮಕ್ಕಳನ್ನು ಕಳಿಸಿದವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಯೋಹಾನ 19:26–27 ಇರಲೇಬೇಕು. ಯೇಸು ಶಿಲುಬೆಯಿಂದಲೇ ತಾಯಿಯನ್ನು ಹೊಟ್ಟೆಯ ಮಗನಲ್ಲದ ಶಿಷ್ಯನಿಗೆ ಒಪ್ಪಿಸಿದ್ದು ಅಲ್ಲೇ, ಮಕ್ಕಳಿಲ್ಲದವರಿಗೂ ತಾಯಿಯಿಲ್ಲದವರಿಗೂ ಜಾಗ ಸಿಗುವುದೂ ಅಲ್ಲೇ. ಪ್ರಸಂಗಕ್ಕೆ ಮಾರ್ಕ 7:9–13 ಒಳ್ಳೇದು. ಕೊರ್ಬಾನ್ ಅಂತ ದೇವರಿಗೆ ಮುಡಿಪಿಟ್ಟು ತಂದೆತಾಯಿಗೆ ಏನೂ ಕೊಡದವರನ್ನು ಯೇಸು ನೇರವಾಗಿ ಬೈದ ಭಾಗ ಅದು. ಕಾಣಿಕೆ ತಪ್ಪಿಸದವನು ತಾಯಿಯ ಬಿಪಿ ಮಾತ್ರೆಗೆ ದುಡ್ಡು ಕಳಿಸುತ್ತಾನಾ ಅಂತ ಕೇಳಲು ಧೈರ್ಯ ಬೇಕು, ಅಷ್ಟೇ.

ಬಾಳೆನಾರು:
ಮುಡಿಸುವುದು ಬೇಡ, ಕೈಗೆ ಕೊಡಿ. ನಮ್ಮ ಕಡೆ ಗಂಡ ತೀರಿಕೊಂಡವರು, ಕ್ರೈಸ್ತರಾದರೂ, ಎಲ್ಲರೆದುರು ಹೂ ಮುಡಿಯಲು ಹಿಂಜರಿಯುತ್ತಾರೆ. ಮುಂದೆ ಕರೆಯುವುದೂ ಬೇಡ. ಮಕ್ಕಳು ಬುಟ್ಟಿ ಹಿಡಿದು ಸಾಲುಸಾಲಾಗಿ ಹೋಗಿ ಎಂಬತ್ತು ಜನಕ್ಕೂ ಕೊಡಲಿ, ತಾಯಿಯೋ ಅಲ್ಲವೋ ಅಂತ ಕೇಳದೆ. ತಾಯಂದಿರ ದಿನ ಶುರುಮಾಡಿದ ಅನ್ನಾ ಜಾರ್ವಿಸ್ 1908ರಲ್ಲಿ ಅಮೆರಿಕದ ಗ್ರಾಫ್ಟನ್ ಚರ್ಚಿಗೆ ತಾಯಿಯ ನೆನಪಿಗೆ 500 ಬಿಳಿ ಕಾರ್ನೇಷನ್ ಕಳಿಸಿದ್ದರು. ಆಮೇಲೆ ತಾಯಿ ಇದ್ದವರಿಗೆ ಕೆಂಪು, ಇಲ್ಲದವರಿಗೆ ಬಿಳಿ ಅಂತ ರೂಢಿಯಾಯಿತು. ಅದನ್ನು ಇಲ್ಲಿಗೆ ತರಬೇಡಿ, ಯಾರಿಗೆ ಯಾರಿಲ್ಲ ಅಂತ ಬಾಗಿಲಲ್ಲೇ ಸಾರಿದಂತೆ.

ತಲೆಗೆ ಅರ್ಧ ಮೊಳ ಅಂದರೆ ನಲವತ್ತು ಮೊಳ, ಹತ್ತು ಮಾರು. ಒಂದು ಮಾರು ಹೆಚ್ಚಿಗೆ ಇರಲಿ. ಶನಿವಾರ ಸಂಜೆ ಮೊಗ್ಗಿನ ಮಾಲೆಯನ್ನೇ ತನ್ನಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಟ್ಟರೆ ಬೆವರಿ, ಬೆಳಗಾಗುವಷ್ಟರಲ್ಲಿ ಕಂದುತ್ತದೆ. ಬಾಳೆಎಲೆ, ಅದರ ಮೇಲೆ ಹಿಂಡಿದ ಒದ್ದೆ ಬಟ್ಟೆ, ಗಾಳಿಯಾಡುವ ಬುಟ್ಟಿ.

ಊಟ ಗಂಡಸರೇ ಮಾಡಬೇಕು. ಮಹಿಳಾ ಸಂಘದವರೇ ಒಲೆ ಮುಂದೆ ನಿಂತರೆ ಏನು ಸನ್ಮಾನ? ಪಲಾವಿಗೆ 15 ಕೆಜಿ ಅಕ್ಕಿ ಸಾಕು, ಆದರೆ ಒಂದೇ ಡೇಗ್ಸಾದಲ್ಲಿ ಬೇಡ. ಅಡಿ ಮುದ್ದೆ, ಮೇಲೆ ನುಚ್ಚಕ್ಕಿ ಆಗುತ್ತದೆ. ಏಳೂವರೆ ಕೆಜಿಯಂತೆ ಎರಡು ಸಲ. ದೊಡ್ಡ ಪಾತ್ರೆಯಲ್ಲಿ ಆವಿ ಕಡಿಮೆ ಹೋಗುವುದರಿಂದ ನೀರು ಮನೆಯ ಅಳತೆಗಿಂತ ಸ್ವಲ್ಪ ಕಮ್ಮಿ. ಮೇ ತಿಂಗಳ ಗುಡುಗುಮಳೆ ಮಧ್ಯಾಹ್ನದ ಮೇಲೆ, ಒಂದೂವರೆಗೆ ಎಲೆ ಎತ್ತಿರಿ.

ತೆನೆಹಬ್ಬ:
ಕಥೋಲಿಕರು ಓದುತ್ತಿದ್ದರೆ: 2026ರಲ್ಲಿ ಆ ದಿನ ಮೇ 10, ಪಾಸ್ಖ (ಈಸ್ಟರ್) ಕಾಲದ ಆರನೇ ಭಾನುವಾರ. ಅಂದಿನ ಬೈಬಲ್ ವಾಚನ ಬದಲಾಯಿಸುವಂತಿಲ್ಲ. ತಾಯಂದಿರನ್ನು ವಿಶ್ವಾಸಿಗಳ ಪ್ರಾರ್ಥನೆಯಲ್ಲಿ, ಕೊನೆಯ ಆಶೀರ್ವಾದದಲ್ಲಿ ಸೇರಿಸಿ. ನಮಗೆ ತಾಯಿಯ ಹಬ್ಬ ಅಂದರೆ ಸೆಪ್ಟೆಂಬರ್ 8, ಮರಿಯಮ್ಮನವರ ಜನ್ಮದಿನ. ಮಕ್ಕಳು ಒಂಬತ್ತು ದಿನ ಹೂ ಒಯ್ಯುತ್ತಾರೆ, ಹಬ್ಬದ ದಿನ ಹೊಸ ಭತ್ತದ ತೆನೆ. ಮಲೆನಾಡಿನ ತೊಂದರೆ ಏನೆಂದರೆ ಜುಲೈ ನಾಟಿಯ ಗದ್ದೆಯಲ್ಲಿ ಆಗ ತೆನೆಯೇ ಬಂದಿರುವುದಿಲ್ಲ.

ತುಂಗಾತೀರ:
ಹೂ ಕೈಗೆ ಕೊಡುವುದು ಖಾಯಂ, ಗಂಡಸರ ಅಡುಗೆಯೂ. ತೆನೆಗೆ ಏನು ಮಾಡುತ್ತೀರಿ?

ತೆನೆಹಬ್ಬ:
120 ದಿನದ ಬೀಜ ಮೇ ಮೊದಲ ವಾರದಲ್ಲೇ ನೀರಿರುವ ಜಾಗದಲ್ಲಿ ಒಂದು ಸಣ್ಣ ಪಾತಿ ಬಿತ್ತಬೇಕು. ಜೂನ್‌ಗೆ ತಡವಾದರೆ ಕಾಳು ಹಾಲಿನ ಹಂತದಲ್ಲೇ ಇರುತ್ತದೆ, ಸುಲಿದರೆ ಅಕ್ಕಿ ಸಿಗುವುದಿಲ್ಲ. ಗುಬ್ಬಿ ಎಲ್ಲ ಬಿಟ್ಟು ಆ ಪಾತಿಗೇ ಬರುತ್ತದೆ, ತೆನೆ ಬಂದ ದಿನವೇ ಬಲೆ ಕಟ್ಟಿ.