ಮಗಳ ಹಾಳಿ ಖರೇನೋ, ಅಂಗಡಿ ಕಂಪ್ಯೂಟರ್ ಖರೇನೋ?

ಬ್ಯಾಡಗಿ ಗುಮಾಸ್ತ:

ಎಲ್ಲಾರಿಗೂ ನಮಸ್ಕಾರ್ರಿ. ನಾ ಬ್ಯಾಡಗಿ ಮಾರ್ಕೆಟ್‌ನ್ಯಾಗ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯೊಳಗ ಲೆಕ್ಕ ಬರಿಯಾಂವ. 22 ವರ್ಷ ಆತು. ನಮ್ಮಪ್ಪ ಕಾಲು, ಅರ್ಧ, ಮುಕ್ಕಾಲು ಮಗ್ಗಿ ಸೈತ ಬಾಯಿಪಾಠ ಮಾಡಿಸಿದ್ದ. 30ರ ತನಕ ಮಗ್ಗಿ ಈಗೂ ನಿದ್ದಿಗಣ್ಣಾಗ ಬರ್ತಾವ. ಆದ್ರ ಅವನ್ನ ಕೇಳವ್ರು ಯಾರು? ತೂಕ ಹಾಕು, ದರ ಹಾಕು, ಕಂಪ್ಯೂಟರ್ ಗುಣಿಸಿ ಪಟ್ಟಿ ಕೊಡ್ತೈತಿ.

ಮೊನ್ನಿ ಐತವಾರ ಆರನೇ ಇಯತ್ತೆ ಓದೋ ಮಗಳು ನನ್ನ ಜೋಡಿ ಅಂಗಡಿಗೆ ಬಂದಿದ್ಲು. ಹಳೇ ಪಟ್ಟಿ ಹಿಂದಿನ ಖಾಲಿ ಹಾಳಿ ಮ್ಯಾಲೆ ಬರಕೋತ ಕುಂತಾಳ. 11ಕ್ಕ 11 ಗುಣಿಸಿದ್ರ 121, 111ಕ್ಕ 111 ಗುಣಿಸಿದ್ರ 12321. ಹಿಂಗ ಒಂದೊಂದ ಒಂದು ಹೆಚ್ಚು ಮಾಡಕೋತ ಒಂಬತ್ತು ಒಂದರ ತನಕ ಹೋದ್ಲು. 111111111ಕ್ಕ ಅದನ್ನ ಗುಣಿಸಿ 12345678987654321 ಅಂತ ತಂದು ತೋರಿಸಿದ್ಲು. ಅಂಗಡಿ ಕ್ಯಾಲ್ಕುಲೇಟರ್ 12 ಅಂಕಿದು, ಮೂಲ್ಯಾಗ ಇಂಗ್ಲಿಷ್ ಇ ಅಕ್ಷರ ತೋರಿಸಿ ಸುಮ್ಮನಾತು. ಎಕ್ಸೆಲ್‌ನ್ಯಾಗ ಹಾಕಿ, ನಂಬರ್ ಫಾರ್ಮ್ಯಾಟ್ ಕೊಟ್ಟು, ಕಾಲಮ್ ಅಗಲ ಮಾಡಿ ನೋಡಿದ್ರ 12345678987654300!

"ಕಡೀಕ ಎಲ್ಲೋ ತಪ್ಪೀದಿ ನೋಡವಾ" ಅಂದೆ. ಅಕಿ ಬಿಡಬೇಕಲ್ಲ. "ಅಪ್ಪಾ, ಒಂದೊಂದ್ಲೆ ಒಂದು. ಕಡೀ ಅಂಕಿ ಒಂದ ಬರಬೇಕು. ಸೊನ್ನಿ ಹ್ಯಾಂಗ ಬಂತು?"

ನನ್ನ ಬಾಯಿ ಕಟ್ಟಿತು. ಯಾರದು ಖರೆ? ಕಂಪ್ಯೂಟರ್ ಹಿಂಗ ಅಂಕಿ ನುಂಗತಿದ್ರ, ನಾ ಬರಿಯೋ ರೈತರ ಪಟ್ಟಿ ಗತಿ ಏನು? ಸೋಮವಾರದ ಪಟ್ಟಿ ಒಂದೊಂದನ್ನೂ ಎರಡೆರಡು ಸಲ ನೋಡಿ ಕೊಟ್ಟೇನಿ.

ಉಣಕಲ್ ಹುಡುಗ:

ನಿಮ್ಮ ಮಗಳದ್ದ ಖರೆ ಸರ. ನಾನು ಹುಬ್ಬಳ್ಳಿಯೊಳಗ ಸಾಫ್ಟ್‌ವೇರ್ ಬರೆಯಾಂವ, ಈ ಮಾತು ವಾರಕ್ಕೊಮ್ಮೆ ಯಾರಿಗರೆ ಹೇಳತಿರ್ತೇನಿ.

ಎಕ್ಸೆಲ್ ಒಂದು ಸಂಖ್ಯೆಯೊಳಗ 15 ಅಂಕಿ ಅಷ್ಟ ಹಿಡಿತದ, ಉಳಿದ ಜಾಗಕ್ಕ ಸೊನ್ನೆ ತುಂಬ್ತದ. ನಿಮ್ಮ ಉತ್ತರ 17 ಅಂಕಿದು, ಅದಕ್ಕ ಕಡೀ 21 ಹೋತು. ಒಳಗಿನ ಕಾರಣ ಏನಂದ್ರ, ಕಂಪ್ಯೂಟರ್ ಇಂಥಾ ಸಂಖ್ಯೆಗೆ 64 ಬಿಟ್‌ನ ಒಂದು ಡಬ್ಬಿ ಕೊಡ್ತದ, ಒಂದು ಬಿಟ್ ಅಂದ್ರ 0 ಇಲ್ಲಾ 1 ಹಿಡಿಯೋ ಒಂದು ಮನಿ (1985ರ ಐಇಇಇ 754 ಅನ್ನೋ ಕಟ್ಟಳೆ). ಅದರಾಗ ಅಂಕಿಗೆ ಸಿಗೋದು 53 ಬಿಟ್. ಹಂಗಾಗಿ 9007199254740992 ದಾಟಿದ ಮ್ಯಾಲೆ ಬೆಸ ಸಂಖ್ಯೆಗೆ ಸೀಟ ಇಲ್ಲ, ಪಕ್ಕದ ಸಮ ಸಂಖ್ಯೆ ತೊಡಿ ಮ್ಯಾಲೆ ಕೂಡಬೇಕು. ಇದ ಗುಣಾಕಾರ ಜಾವಾಸ್ಕ್ರಿಪ್ಟ್ ಅನ್ನೋ ಪ್ರೋಗ್ರಾಮ್ ಭಾಷೆಯೊಳಗ ಮಾಡಿದ್ರ ಕಡೀಕ 320 ಬರ್ತದ.

ಪೈಥಾನ್ ಅನ್ನೋ ಇನ್ನೊಂದು ಭಾಷೆಯೊಳಗ ಮಾಡ್ರಿ, 321 ಸರಿಯಾಗಿ ಬರ್ತದ. ಅದು ಪೂರ್ಣ ಸಂಖ್ಯೆಯನ್ನ ತುಂಡು ತುಂಡು ಮಾಡಿ, ಸಾಲ್ಯಾಗ ಕಲಿಸಿದಂಗ ಗುಣಿಸಿ ಕೂಡಿಸ್ತದ. ಭಾಳ ದೊಡ್ಡದಾದ್ರ ಕರತ್ಸುಬಾ ವಿಧಾನ ಹಿಡಿತದ. 1960ರಾಗ ಮಾಸ್ಕೋದಾಗ ಕೊಲ್ಮೊಗೊರೊವ್ ಅನ್ನೋ ದೊಡ್ಡ ಗಣಿತಜ್ಞ, ಸಾಲಿ ವಿಧಾನಕ್ಕಿಂತ ಜಲ್ದಿ ಗುಣಿಸಾಕ ಬರೂದಿಲ್ಲ ಅಂತ ತನ್ನ ಊಹೆ ಮುಂದಿಟ್ಟ. ಅದನ್ನ ಕೇಳಿದ 23 ವರ್ಷದ ಕರತ್ಸುಬಾ ಒಂದ ವಾರದಾಗ ಅದನ್ನ ಸುಳ್ಳು ಮಾಡಿದ. ಮಗಳಿಗೆ ತೋರಿಸ್ರಿ: 23ಕ್ಕ 45 ಗುಣಿಸಾಕ ನಾವು ನಾಕು ಸಲ ಮಗ್ಗಿ ಹೇಳ್ತೇವಿ. ಅಂವ ಮೂರ ಸಲ. 2ನಾಕ್ಲೆ 8. 3ಐದ್ಲೆ 15. ಆಮ್ಯಾಲೆ 2 ಮತ್ತು 3 ಕೂಡಿಸಿ 5, 4 ಮತ್ತು 5 ಕೂಡಿಸಿ 9, 5ಒಂಬತ್ಲೆ 45. ಈ 45ರಾಗ 8 ಮತ್ತು 15 ತಗದ್ರ 22. 800, 220, 15 ಕೂಡಿಸ್ರಿ, 1035. ಎರಡು ಅಂಕಿಗೆ ಏನೂ ಉಳಿಯೂದಿಲ್ಲ, ಖರೆ. ಸಾವಿರಾರು ಅಂಕಿ ಆದಾಗ ಇದರ ಕಿಮ್ಮತ್ತು ತಿಳಿತದ.

ಪಟ್ಟಿ ಚಿಂತಿ ಬಿಡ್ರಿ, ರೂಪಾಯಿ ಲೆಕ್ಕಕ್ಕ 15 ಅಂಕಿ ದಂಡಿಯಾತು. ನಿಮ್ಮನ್ನ ಕಾಡೋದು ಪೈಸೆ. 47.35 ಕಿಲೋಕ್ಕ 187.45 ದರ ಹಾಕಿದ್ರ 8875.7575 ಬರ್ತದ, ಎರಡ ದಶಾಂಶ ತೋರಿಸು ಅಂತ ಇಟ್ಟಿದ್ರ ತೆರಿ ಮ್ಯಾಲೆ 8875.76 ಕಾಣ್ತದ. ಅಂಥಾ ಮೂರು ಸಾಲು ಇದ್ರ ಮೊತ್ತ 26627.27 ತೋರಸ್ತದ, ರೈತ ಬೆರಳು ಮಡಚಿ ಕೂಡಿಸಿದ್ರ 26627.28. ಪ್ರತಿ ಸಾಲಿಗೂ ಎರಡು ದಶಾಂಶಕ್ಕ ರೌಂಡ್ ಸೂತ್ರ ಹಾಕ್ರಿ, ಕಂಡದ್ದ ಲೆಕ್ಕಕ್ಕ ಹಿಡಿತದ.

ಧಾರವಾಡ ಮಾಸ್ತರ:

ನಾನು 34 ವರ್ಷ ಗಣಿತ ಹೇಳಿ ನಿವೃತ್ತನಾದವನು. ಮೇಲಿನ ಹುಡುಗ ಯಂತ್ರದ ಕಥೆ ಹೇಳಿದ. ಯಂತ್ರದ ಹಂಗಿಲ್ಲದೆ ಮಗುವೇ ತೀರ್ಪು ಕೊಡಬಹುದು.

111111111ರ ಅಂಕಿಗಳನ್ನು ಕೂಡಿಸಿದರೆ 9. ಅಂದರೆ ಅದು 9ರಿಂದ ಭಾಗವಾಗುತ್ತದೆ, ಗುಣಲಬ್ಧವೂ ಭಾಗವಾಗಲೇಬೇಕು. ಮಗಳ ಉತ್ತರದ ಅಂಕಿಗಳ ಮೊತ್ತ 81, ಸರಿ. ಎಕ್ಸೆಲ್ ಉತ್ತರದ್ದು 78, ಭಾಗವಾಗದು. ಅಲ್ಲಿಗೆ ಅದರ ಬಣ್ಣ ಬಯಲು. ನಮ್ಮ ಕಾಲದ ಗುಮಾಸ್ತರಿಗೆ ಈ 9ರ ತಾಳೆ ಗೊತ್ತಿತ್ತು. ಒಂದು ಎಚ್ಚರ: ಅಂಕಿ ಹಿಂದೆಮುಂದಾದರೆ, 54ರ ಬದಲು 45 ಬರೆದರೆ, ಈ ತಾಳೆಗೆ ಸಿಗುವುದಿಲ್ಲ.

ಇಂಥ ಎರಡೂ ಕಡೆಯಿಂದ ಒಂದೇ ಆಗಿ ಓದುವ ಸಂಖ್ಯೆಗಳ ಹುಚ್ಚು ನಮ್ಮ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ 9ನೇ ಶತಮಾನದ ತನ್ನ ಗಣಿತಸಾರಸಂಗ್ರಹದಲ್ಲಿ ಅವನ್ನು ಕೊರಳ ಹಾರಕ್ಕೆ ಹೋಲಿಸಿ ಲೆಕ್ಕ ಕೊಟ್ಟಿದ್ದಾನೆ. 139ನ್ನು 109ರಿಂದ ಗುಣಿಸಿದರೆ 15151. 27994681ನ್ನು 441ರಿಂದ ಗುಣಿಸಿದರೆ ಏನು ಬರುತ್ತದೆಂದು ನಾನು ಹೇಳುವುದಿಲ್ಲ, ಹುಡುಗಿ ಮಾಡಲಿ.

ಇನ್ನೊಂದು. ಹತ್ತು ಒಂದುಗಳನ್ನು ಹಾಕಿ ಗುಣಿಸಲು ಹೇಳಿ. ಕಂಪ್ಯೂಟರಿನಲ್ಲಿ ಬೇಡ, ಹಾಳೆಯ ಮೇಲೆ.

ಬೆಟಗೇರಿಯಾಂವ:

ಸೊನ್ನಿ ಕಥಿ ನನ್ನ ಕೇಳ್ರಿ. ನಾ ಕೆಲಸ ಮಾಡೋ ಸೊಸೈಟ್ಯಾಗ 16 ಅಂಕಿ ಖಾತೆ ನಂಬರ್ ಎಲ್ಲಾ ಎಕ್ಸೆಲ್‌ಗೆ ಏರಿಸಿದೆ, 400 ಮಂದಿದು. ಸಂಜೀಕ ನೋಡಿದ್ರ ಎಲ್ಲಾರ ಕಡೀ ಅಂಕಿ ಸೊನ್ನಿ. ಎರಡು ದಿನ ಮತ್ತ ಬಡಿದೆ. ಖಾತೆ ನಂಬರ್ ಯಾರೂ ಗುಣಿಸೂದಿಲ್ಲ, ಅದು ಹೆಸರು ಇದ್ದಂಗ. ಮೊದಲ ಕಾಲಮ್‌ನ ಟೆಕ್ಸ್ಟ್ ಮಾಡಿ ಆಮ್ಯಾಲೆ ಟೈಪ್ ಮಾಡ್ರಿ.

ಬ್ಯಾಡಗಿ ಗುಮಾಸ್ತ:

ಎಲ್ಲಾರಿಗೂ ಉಪಕಾರ ಆತ್ರಿ. ರೌಂಡ್ ಹಾಕಿದೆ. ಮಾಲಕರು "ಪೈಸಾಕ್ಕ ಇಷ್ಟು ಒದ್ದಾಟ ಯಾಕೋ" ಅಂದ್ರು, ಅನ್ಲಿ.

ಮಾಸ್ತರ, ಹತ್ತು ಒಂದರ ಲೆಕ್ಕ ಅಕಿ ರಾತ್ರಿ ಊಟ ಬಿಟ್ಟು ಮಾಡಿದ್ಲು. 1234567900987654321 ಬಂತು. "ಹಾರ ಹರೀತು" ಅಂತ ಮಾರಿ ಸಣ್ಣ ಮಾಡಿದ್ಲು. ಒಂಬತ್ತರ ತಾಳಿ ನೋಡಿದ್ರ ಸರಿ ಐತಿ: ಹತ್ತು ಒಂದರ ಮೊತ್ತ 10, 9ರಿಂದ ಭಾಗಿಸಿದ್ರ 1 ಉಳಿತೈತಿ, ಒಂದೊಂದ್ಲೆ ಒಂದು; ಉತ್ತರದ ಅಂಕಿ ಮೊತ್ತ 82, ಅಲ್ಲೂ 1 ಉಳಿತೈತಿ. ಆಮ್ಯಾಲೆ ತಾನ ಬೆರಳಿಟ್ಟು ತೋರಿಸಿದ್ಲು: ನಡುವಿನ ಸಾಲಿನ್ಯಾಗ ಹತ್ತು ಒಂದು ಸೇರಿ 10 ಆತು, ಸೊನ್ನಿ ಇಟ್ಟು ದಶಕ ಎಡಕ್ಕ ಒಯ್ದ್ರ ಅಲ್ಲಿ 9 ಇದ್ದದ್ದೂ 10 ಆತು, ಅದೂ ಸೊನ್ನಿ, ಅದರಾಚೆ 8 ಹೋಗಿ 9. ಅಲ್ಲೀತನಕ ಯಾವ ಸಾಲೂ 9 ದಾಟಿರಲಿಲ್ಲ, ಅದಕ್ಕ ಹಾರ ಗಟ್ಟಿ ಇತ್ತು.

ಮಹಾವೀರಾಚಾರ್ಯರ ಲೆಕ್ಕದ ಉತ್ತರ 11 ಅಂಕಿ ಅಷ್ಟ. ನಮ್ಮ ಅಂಗಡಿ ಕ್ಯಾಲ್ಕುಲೇಟರ್ ಇ ಅನ್ನದ 12345654321 ಅಂತ ಪೂರ್ತಿ ತೋರಿಸ್ತು. ಮಗಳು ಅದನ್ನ ಆರಿಸಗೊಡವಲ್ಲಳು, ಮಾಲಕರಿಗೆ ತೋರಿಸಬೇಕಂತ. ನಾಳೆ ಗುರುವಾರ, ಬಜಾರ. ಚೀಲ ಬರೂದ್ರಾಗ ಕ್ಯಾಲ್ಕುಲೇಟರ್ ಇಸ್ಕೋಬೇಕು.