ಮಾವನವರ ವೈ ಡಿಎನ್‌ಎ ಟೆಸ್ಟ್, ಹಂಗೇರಿಯನ್ ಮನೆತನ: ಮಾಡಿಸಿದವರು ಅನುಭವ ಹೇಳಿ

ರೆಜೈನಾ ಸೊಸೆ:
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, ಈಗ ಕೆನಡಾದ ಸಸ್ಕಾಚೆವಾನ್‌ನಲ್ಲಿದ್ದೇನೆ. ಗಂಡನ ಮನೆಯವರು ಇಲ್ಲಿನ ಕಪೋಶ್ವಾರ್ ಅನ್ನುವ ಹಳೆಯ ವಲಸೆ ಊರಿನ ಹಂಗೇರಿಯನ್ನರು. ಮಾವನವರ ಮುತ್ತಜ್ಜ 1886ರಲ್ಲಿ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿ ಬಿಟ್ಟು ಮೊದಲ ಗುಂಪಿನ ಜೊತೆ ಇಲ್ಲಿಗೆ ಬಂದರಂತೆ. ಅದರ ಹಿಂದಿನದು ಏನೂ ಗೊತ್ತಿಲ್ಲ. ಹಂಗೇರಿಯ ಯಾವ ಊರು ಅನ್ನುವುದೂ ಗೊತ್ತಿಲ್ಲ. ಮಾವನವರಿಗೆ 81 ವರ್ಷ. ಆ ಗುಂಪನ್ನು ಕರೆತಂದ ಕೌಂಟ್ ಎಸ್ಟರ್‌ಹೇಜಿಗೆ ನಾವು ನೆಂಟರು ಅಂತ ಅವರ ನಂಬಿಕೆ. ಅಪ್ಪನಿಂದ ಮಗನಿಗೆ ಬರುವ ವೈ ಡಿಎನ್‌ಎಯಲ್ಲಿ 37 ಗುರುತು (ಮಾರ್ಕರ್) ನೋಡುವ ಟೆಸ್ಟ್ ಸಾಕಾ, ಇನ್ನೂ ಆಳವಾಗಿ ನೋಡುವ ದೊಡ್ಡದೇ ಮಾಡಿಸಬೇಕಾ? ಮಾಡಿಸಿದವರು ದಯವಿಟ್ಟು ಹೇಳಿ.

ಧಾರವಾಡ ಟು ಕ್ಲೀವ್‌ಲ್ಯಾಂಡ್:
ತಂಗಿ, ನನ್ನ ಲೆಕ್ಕ ಮೊದಲು ಕೇಳು. ನಮ್ಮ ಮನೆಯವರದು, ಇಲ್ಲಿನ ಬಕೈ ರೋಡ್ ತುಂಬಾ ಹಂಗೇರಿಯನ್ನರೇ ಇದ್ದ ಕಾಲದ ಮನೆತನ. ಅಡ್ಡಹೆಸರು ಸಾಬೊ, ಅಂದರೆ ದರ್ಜಿ. ಹಂಗೇರಿಯನ್ನರನ್ನು ಆ ನಾಡಿಗೆ ಕರೆತಂದ ದೊರೆ ಆರ್ಪಾಡ್‌ನ ಜೊತೆ ಕುದುರೆ ಮೇಲೆ ಬಂದವರು ನಾವು ಅಂತ ಮನೆಯಲ್ಲಿ ಮಾತು. ಯಾರೋ ಹೇಳಿದರು ಅಂತ ಮೊದಲು 79 ಡಾಲರ್ ಕೊಟ್ಟು ಸಾಮಾನ್ಯ ಟೆಸ್ಟ್ ಮಾಡಿಸಿದೆ. "ಪೂರ್ವ ಯುರೋಪ್" ಅಂತ ಬಂತು. ಅದು ನನಗೂ ಗೊತ್ತಿತ್ತು. ಆಮೇಲೆ ವೈ 37, ಅದಕ್ಕೆ 119. ಸ್ಯಾಂಪಲ್ ಸರಿ ಬರಲಿಲ್ಲ, ಇನ್ನೊಂದು ಕಿಟ್ ಕಳಿಸಿ ಅಂದರು. 11 ವಾರ ಕಾದೆ. ಬಂದದ್ದು ಆರ್‌1ಬಿ, ಗಂಡು ಸಾಲುಗಳ ಒಂದು ದೊಡ್ಡ ಗುಂಪಿನ ಹೆಸರು ಅದು. 12 ಮಾರ್ಕರ್ ಮಟ್ಟದಲ್ಲಿ ಸಾವಿರಾರು ಮ್ಯಾಚ್. ಐರ್ಲೆಂಡಿನವರು, ಸ್ಪೇನಿನವರು, ಎಲ್ಲರೂ. 37ಕ್ಕೆ ಬಂದರೆ ನಾಲ್ಕೇ ನಾಲ್ಕು, ಒಬ್ಬನೂ ಸಾಬೊ ಅಲ್ಲ. ಆಮೇಲೆ 111ಕ್ಕೆ ಏರಿಸಿದೆ, 188. ಆಮೇಲೆ ದೊಡ್ಡದಕ್ಕೆ, 239. ವೈ ಟೆಸ್ಟಿಗೇ 546 ಡಾಲರ್. ಮೊದಲೇ ದೊಡ್ಡದು ಮಾಡಿಸಿದ್ದರೆ 449ಕ್ಕೆ ಮುಗಿಯುತ್ತಿತ್ತು. 97 ಡಾಲರ್ ನನ್ನ ಅವಸರಕ್ಕೆ ಹೋಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

111ರಲ್ಲಿ ಹತ್ತಿರದ ಮ್ಯಾಚ್ ಇಬ್ಬರು. ಇಬ್ಬರ ಅಡ್ಡಹೆಸರೂ ಶ್ನೈಡರ್. ಒಬ್ಬರು ಜರ್ಮನಿಯ ವ್ಯೂರ್ಟೆಂಬರ್ಗಿನವರು. ಶ್ನೈಡರ್ ಅಂದರೂ ದರ್ಜಿಯೇ! ಅಲ್ಲಿಗೆ ನನಗೆ ಬೆಳಕಾಯಿತು. ತುರ್ಕರು ಹೋದ ಮೇಲೆ ಖಾಲಿ ಬಿದ್ದ ಊರುಗಳಿಗೆ 18ನೇ ಶತಮಾನದಲ್ಲಿ ಜರ್ಮನ್ ರೈತರನ್ನು ಕರೆಸಿದ್ದರಲ್ಲ, ಉಲ್ಮ್‌ನಿಂದ ದೋಣಿ ಹತ್ತಿ ಡ್ಯಾನ್ಯೂಬ್ ಹಿಡಿದು ಬಂದವರು, ನಮ್ಮವರು ಅವರು. 1881ರಲ್ಲಿ ಹೆಸರು ಬದಲಿಸುವ ಶುಲ್ಕವನ್ನು 5 ಫೊರಿಂಟ್‌ನಿಂದ 50 ಕ್ರೈತ್ಸಾರಿಗೆ, ಅಂದರೆ ಅರ್ಧ ಫೊರಿಂಟಿಗೆ, ಇಳಿಸಿದರು. ಆಗ ಎಷ್ಟೋ ಜನ ಹಂಗೇರಿಯನ್ ಹೆಸರು ಇಟ್ಟುಕೊಂಡರು. ನಮ್ಮ ಮನೆಯವರ ಮುತ್ತಜ್ಜ ಅವರಲ್ಲಿ ಒಬ್ಬ. ಕಾಗದ ಹುಡುಕಿಸಲು ಅಲ್ಲಿನ ಒಬ್ಬರಿಗೆ 400 ಯೂರೋ ಕೊಟ್ಟೆ. ಅರ್ಜಿಯ ನಕಲು ಈಗ ನಮ್ಮ ದೇವರ ಕೋಣೆಯ ಗೋಡೆಯಲ್ಲಿದೆ. ಮನೆಯವರು ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಜರ್ಮನ್ ಕಲಿಯುವ ಪುಸ್ತಕ ತಂದರು.

ದೊಡ್ಡದನ್ನೇ ಮಾಡಿಸು. ಕಂತಿನಲ್ಲಿ ಬೇಡ.

ಬುಡಾಪೆಸ್ಟ್ ಮೈಸೂರಿಗ:
ಕ್ಷಮಿಸಿ, ಇದು ಪೂರ್ತಿ ಉಲ್ಟಾ ದಾರಿ. ಮೊದಲು ಕಾಗದ, ಆಮೇಲೆ ಡಿಎನ್‌ಎ. ನಾನು 14 ವರ್ಷದಿಂದ ಇಲ್ಲಿದ್ದೇನೆ. ನನ್ನ ಹೆಂಡತಿಯ ತಂದೆಯ ಕಡೆಯವರು ಟ್ರಾನ್ಸಿಲ್ವೇನಿಯಾದವರು. ಒಂದೇ ಒಂದು ಟೆಸ್ಟ್ ಮಾಡಿಸದೆ 1740ರ ದಶಕದವರೆಗೆ ಹೋಗಿದ್ದೇನೆ. ಸರ್ಕಾರಿ ಜನನ ಮರಣ ನೋಂದಣಿ ಶುರುವಾದದ್ದು 1895ರ ಅಕ್ಟೋಬರ್ 1ರಂದು. ಅದಕ್ಕೂ ಹಿಂದಿನದೆಲ್ಲ ಚರ್ಚಿನ ರಿಜಿಸ್ಟರ್. ಕ್ಯಾಥೊಲಿಕ್ಕೋ, ಕ್ಯಾಲ್ವಿನಿಸ್ಟೋ, ಗ್ರೀಕ್ ಕ್ಯಾಥೊಲಿಕ್ಕೋ ಅಂತ ಗೊತ್ತಾಗದೆ ಒಂದು ಹೆಜ್ಜೆ ಇಡಲಾಗದು. 1920ರ ತ್ರಿಯಾನೊನ್ ಒಪ್ಪಂದದಲ್ಲಿ ದೇಶದ ಮೂರನೇ ಎರಡು ಭಾಗ ಹೋಯಿತು. ಹಾಗಾಗಿ ರಿಜಿಸ್ಟರ್ ಈಗ ರೊಮೇನಿಯಾದಲ್ಲೋ, ಸ್ಲೊವಾಕಿಯಾದಲ್ಲೋ, ಉಕ್ರೇನಿನಲ್ಲೋ ಇರಬಹುದು. ನಾನು ರೊಮೇನಿಯಾದ ಕ್ಲೂಜ್‌ಗೆ ಮೂರು ಸಲ ಹೋದೆ. ಒಮ್ಮೆ ಹಬ್ಬದ ರಜೆ, ಬಾಗಿಲು ಹಾಕಿತ್ತು. ಒಮ್ಮೆ ತಂದುಕೊಟ್ಟದ್ದು ಬೇರೆ ಊರಿನ ಪುಸ್ತಕ. ಮೂರನೇ ಸಲ ಸಿಕ್ಕಿತು. ಲ್ಯಾಟಿನ್ ಬರಹ, ಮಸಿ ಕಂದು ಬಣ್ಣಕ್ಕೆ ತಿರುಗಿತ್ತು. ಮಗುವಿನ ಹೆಸರು, ಅಪ್ಪನ ಹೆಸರು, ಮನೆ ನಂಬರ್. ಆ ಪುಟ ಮುಟ್ಟಿದಾಗ ಆದದ್ದನ್ನು ಯಾವ ಮಾರ್ಕರ್ ಕೊಡುತ್ತದೆ?

ಇನ್ನೊಂದು. ಆ ಪಾಲ್ ಎಸ್ಟರ್‌ಹೇಜಿಯ ಹುಟ್ಟು ಹೆಸರು ಯಾನೋಶ್ ಪಾಕ್. ಅವನು ತಮ್ಮವನು ಅಂತ ಎಸ್ಟರ್‌ಹೇಜಿ ಮನೆತನದವರೇ ಒಪ್ಪಿರಲಿಲ್ಲ. ಇದು ಪುಸ್ತಕಗಳಲ್ಲೇ ಇದೆ.

ಧಾರವಾಡ ಟು ಕ್ಲೀವ್‌ಲ್ಯಾಂಡ್:
ಸರ್, ಆಕೆಗೆ ಊರೇ ಗೊತ್ತಿಲ್ಲ ಅಂತ ಬರೆದಿದ್ದಾಳೆ. ಯಾವ ಚರ್ಚಿನ ಬಾಗಿಲು ತಟ್ಟಬೇಕು? ನಿಮ್ಮ ಹತ್ತಿರ ಹಳ್ಳಿಯ ಹೆಸರಿತ್ತು, ರೈಲಿನ ದಾರಿಯಿತ್ತು. ರಿಜಿಸ್ಟರ್ ಇನ್ನೂ ನೂರು ವರ್ಷ ಅಲ್ಲೇ ಇರುತ್ತದೆ. ಮಾವನಿಗೆ 81.

ಬುಡಾಪೆಸ್ಟ್ ಮೈಸೂರಿಗ:
546 ಡಾಲರ್ ಸುರಿದು ಕೊನೆಗೆ ನೀವೂ ಕಾಗದದಿಂದಲೇ ತಿಳಿದುಕೊಂಡಿರಿ. ಅದನ್ನು ಒಪ್ಪಿಕೊಳ್ಳಿ.

ಧಾರವಾಡ ಟು ಕ್ಲೀವ್‌ಲ್ಯಾಂಡ್:
ಶ್ನೈಡರ್ ಅನ್ನುವ ಹೆಸರು ಸಿಕ್ಕಿದ್ದು ಡಿಎನ್‌ಎಯಿಂದ. ಆ ಹೆಸರಿಲ್ಲದೆ 400 ಯೂರೋದವರು ಏನು ಹುಡುಕುತ್ತಿದ್ದರು? ಓದಿ ಬರೆಯಿರಿ.

ಹಾಸನದ ಅಳಿಯ:
ಜಗಳ ಬಿಡಿ. ನನ್ನದು ಕೇಳಿ, ಆಮೇಲೆ ಟೆಸ್ಟ್ ಮಾಡಿಸಬೇಕಾ ಅಂತ ಯೋಚನೆ ಮಾಡಿ.

ನನ್ನ ಹೆಂಡತಿ ಲೂಸಿಯಾನಾದವಳು. 1896ರಲ್ಲಿ ಮರದ ಮಿಲ್ಲಿನ ಸುತ್ತ ಹಂಗೇರಿಯನ್ನರು ಕಟ್ಟಿದ ಆರ್ಪಾಡ್‌ಹೋನ್, ಈಗ ಹಂಗೇರಿಯನ್ ಸೆಟ್ಲ್‌ಮೆಂಟ್ ಅನ್ನುತ್ತಾರೆ, ಆಲ್ಬನಿ ಹತ್ತಿರದ ಸ್ಟ್ರಾಬೆರಿ ಬೆಳೆಯುವ ಊರು. ಹೆಂಡತಿಗೆ ವೈ ಇಲ್ಲವಲ್ಲ, ಭಾಮೈದನನ್ನು ಕೇಳಿದೆ. ಒಪ್ಪಿದ. ಮ್ಯಾಚ್ ಖಚಿತವಾಗಲಿ ಅಂತ ಅವನ ದಾಯಾದಿಯೊಬ್ಬನ ಕೈಲೂ ಮಾಡಿಸಿದೆ. ಇಬ್ಬರಿಗೂ ಒಬ್ಬನೇ ಮುತ್ತಜ್ಜ. ಭಾಮೈದನದು ಐ2 ಬಂತು. ದಾಯಾದಿಯದು ಆರ್‌1ಎ. ಮಾರ್ಕರ್ ಎಣಿಸುವುದೇ ಬೇಡ, ಒಂದೇ ಗಂಡು ಸಾಲಿನಲ್ಲಿ ಇವೆರಡೂ ಬರುವುದೇ ಇಲ್ಲ. ಯಾರ ಕಡೆ ಕೊಂಡಿ ಕಳಚಿದೆ? ನನಗೆ ಅಲ್ಲಿಗೆ ನಿಲ್ಲಿಸಲು ಆಗಲಿಲ್ಲ. ಹಂಗೇರಿಯಲ್ಲಿ ಮುತ್ತಜ್ಜನ ತಮ್ಮನ ಮರಿಮಗನನ್ನು ಹುಡುಕಿ ಮೂರನೇ ಕಿಟ್ ಕಳಿಸಿದೆ. ಅವನದೂ ಆರ್‌1ಎ. ದಾಯಾದಿಯ ಜೊತೆ ಸರಿಯಾಗಿ ಕೂಡಿತು.

ಆಮೇಲೆ ಹಡಗಿನ ಪಟ್ಟಿ ತೆಗೆದು ನೋಡಿದೆ. ಮುತ್ತಜ್ಜ ಬಂದದ್ದು 1898. ಅವರ ಹೆಂಡತಿ ಮಗುವನ್ನು, ಅಂದರೆ ಭಾಮೈದನ ಅಜ್ಜನನ್ನು, ಕರೆದುಕೊಂಡು ಬಂದದ್ದು 1904. ಮಗುವಿನ ವಯಸ್ಸು ಮೂರು. ನಡುವೆ ಮುತ್ತಜ್ಜ ಊರಿಗೆ ಹೋಗಿಲ್ಲ. ಈ ಪಟ್ಟಿಯ ನಕಲು ಮಾವನ ಮನೆಯ ನಡುಮನೆಯಲ್ಲಿ ಫ್ರೇಮ್ ಹಾಕಿ ನೇತು ಹಾಕಿತ್ತು. ಮೂವತ್ತು ವರ್ಷ ಅದರ ಕೆಳಗೇ ಕೂತು ಊಟ ಮಾಡಿದ್ದಾರೆ, ಯಾರೂ ಕೂಡಿಸಿ ಕಳೆದು ನೋಡಿರಲಿಲ್ಲ.

ಮಾವ ಏನೂ ಅನ್ನಲಿಲ್ಲ. ಆ ವರ್ಷ ಸುಗ್ಗಿ ಕುಣಿತಕ್ಕೆ ಬರಲಿಲ್ಲ. ಮುಂದಿನ ಸಲ ಹೋದಾಗ ಫ್ರೇಮ್ ಇರಲಿಲ್ಲ. ಗೋಡೆಯಲ್ಲಿ ಚೌಕಾಕಾರದ ಬಿಳಿ ಗುರುತು ಮಾತ್ರ. ದಾಯಾದಿಯ ಮನೆಯವರು ಸ್ಮಶಾನದ ಜಾಗದ ಬಗ್ಗೆ ಒಂದು ಮಾತು ಎತ್ತಿದರು, ಇಲ್ಲಿ ಬರೆಯಲಾರೆ. ಮೂರು ಕಿಟ್‌ಗೆ ಆದ ಖರ್ಚು ನನಗೆ ನೆನಪಿಲ್ಲ, ನೆನಪಿಟ್ಟುಕೊಳ್ಳಲೂ ಇಷ್ಟವಿಲ್ಲ. ಕಿಟ್ ಕೊಡುವ ಮೊದಲು ಮಾವನನ್ನು ಕೂರಿಸಿಕೊಂಡು, "ಬೇರೆ ಏನಾದರೂ ಬಂದರೆ ನಿಮಗೆ ತಿಳಿಯಬೇಕಾ" ಅಂತ ಕೇಳಿ. ನಾನು ಕೇಳಲಿಲ್ಲ.

ಟೊರಾಂಟೊ ಹುಬ್ಬಳ್ಳಿ:
ನನ್ನ ಅನುಭವ ತುಂಬಾ ಚೆನ್ನಾಗಿತ್ತು. ಮಾವನದೂ ನನ್ನದೂ ಒಟ್ಟಿಗೆ ಕೊಟ್ಟೆ. ಇಬ್ಬರದೂ ಆರ್‌1ಎ ಗುಂಪಿನ ಝಡ್93 ಕೊಂಬೆ! ಆರ್ಪಾಡ್ ವಂಶದ ಹಂಗೇರಿಯ ರಾಜ ಮೂರನೇ ಬೇಲಾನ ಮೂಳೆಯಲ್ಲೂ ಇದೇ ಸಿಕ್ಕಿದೆ. ಮಾವ ಆರ್ಪಾಡ್ ವಂಶ ಅನ್ನುವುದು ಖಾತ್ರಿ. ನಮ್ಮದೂ ಅದೇ ಗೋತ್ರ ಅಂದ ಹಾಗಾಯಿತು. ಈ ವರದಿ ಇಟ್ಟುಕೊಂಡು ಮಕ್ಕಳಿಗೆ ಹಂಗೇರಿ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕೋಣ ಅಂತಿದ್ದೇನೆ.

ಬುಡಾಪೆಸ್ಟ್ ಮೈಸೂರಿಗ:
ಸ್ವಾಮಿ, ಹೀಗೆ ಬರೆದು ಬೇರೆಯವರ ದಾರಿ ತಪ್ಪಿಸಬೇಡಿ. ಬೇಲಾನ ಮೂಳೆ 1848ರಲ್ಲಿ ಸೇಕೆಶ್‌ಫೆಹೇರ್ವಾರ್‌ನಲ್ಲಿ ಸಿಕ್ಕಿತು. ಈಗ ಬುಡಾದ ಮತ್ಯಾಶ್ ಚರ್ಚಿನಲ್ಲಿದೆ. ಅವನದು ಝಡ್93 ಒಳಗೆ ಝಡ್2123, ಅದರೊಳಗೆ ಇನ್ನೂ ಸಣ್ಣ ಒಂದು ಕೊಂಬೆ. ಆ ಕೊಂಬೆಗೆ ಹತ್ತಿರದವರು ಸಿಕ್ಕಿದ್ದು ಯುರಾಲ್ ಕಡೆಯ ಬಷ್ಕೀರರಲ್ಲಿ. ಸಂಶೋಧಕರು ಆ ಸಾಲಿನ ಬೇರು ಹುಡುಕುತ್ತ ಸುಮಾರು 4,500 ವರ್ಷ ಹಿಂದಕ್ಕೆ, ಉತ್ತರ ಅಫ್ಘಾನಿಸ್ತಾನದ ಕಡೆಗೆ ಹೋಗಿದ್ದಾರೆ. ಬರೀ ಝಡ್93 ನಮ್ಮ ಭಾರತದ ಕಡೆ ಬೇಕಾದಷ್ಟಿದೆ. ಅದೊಂದನ್ನೇ ಹಿಡಿದು ರಾಜವಂಶ ಅನ್ನಲಾಗದು. ಇನ್ನೊಬ್ಬ ರಾಜ ಮತ್ಯಾಶ್‌ನ ಮನೆತನ ಹುನ್ಯಾದಿಗಳ ಮೂಳೆಯಲ್ಲಿ ಬಂದದ್ದು ಇ-ವಿ13 ಅನ್ನುವ ಬೇರೆ ಗುಂಪು. ಹಾಗಂತ ಇ-ವಿ13 ಇರುವ ಬಾಲ್ಕನ್ ರೈತರೆಲ್ಲ ಮತ್ಯಾಶ್ ರಾಜನ ನೆಂಟರಾ?

ಪಾಸ್‌ಪೋರ್ಟಿಗೆ ಡಿಎನ್‌ಎ ವರದಿ ನಡೆಯುವುದಿಲ್ಲ. 2011ರಿಂದ ಇರುವ ಸುಲಭ ಪೌರತ್ವಕ್ಕೂ ಕಾಗದ ಬೇಕು, ಹಂಗೇರಿಯನ್ ಮಾತಾಡಲು ಬರಬೇಕು.

ಟೊರಾಂಟೊ ಹುಬ್ಬಳ್ಳಿ:
ನಿಮಗೆ ಬೇರೆಯವರ ಸಂತೋಷ ಸಹಿಸಲಾಗುವುದಿಲ್ಲ. ಮಾವ ಆ ದಿನ ಕಣ್ಣೀರು ಹಾಕಿದರು. 1956ರ ಹಂಗೇರಿ ದಂಗೆಯ ಸಮಯದಲ್ಲಿ ಎರಡು ಅಂಗಿಯಲ್ಲಿ ಗಡಿ ದಾಟಿ ಬಂದ ಮನುಷ್ಯ ಅವರು. ಅವರಿಗೆ ಇಷ್ಟಾದರೂ ಸಿಗಲಿ.

ಹಾಸನದ ಅಳಿಯ:
ಹುಬ್ಬಳ್ಳಿಯವರೇ, ನನ್ನ ಮಾವನಿಗೂ ಹಡಗಿನ ಪಟ್ಟಿ ಅಷ್ಟೇ ಸಂತೋಷ ಕೊಟ್ಟಿತ್ತು. ಇನ್ನೂ ಆಳದ ಟೆಸ್ಟ್ ಮಾಡಿಸಿ. ಅಥವಾ ಇಲ್ಲಿಗೇ ನಿಲ್ಲಿಸಿ. ಆದರೆ ಖಾತ್ರಿ ಅನ್ನಬೇಡಿ.

ಉಡುಪಿಯವಳು:
ಒಂದು ಮಾತು. ಎಲ್ಲರೂ ಅಪ್ಪನ ಅಪ್ಪ, ಅವರ ಅಪ್ಪ ಅಂತಲೇ ಹೋಗುತ್ತಿದ್ದೀರಿ. ನಮ್ಮಲ್ಲಿ ಅಳಿಯಕಟ್ಟು, ಬಳಿ ಬರುವುದು ತಾಯಿಯಿಂದ. ಹಾಸನದವರ ಕಥೆಯಲ್ಲಿ ಆರು ವರ್ಷ ಒಬ್ಬಳೇ ಇದ್ದು, ಮಗುವನ್ನು ಎತ್ತಿಕೊಂಡು ಸಮುದ್ರ ದಾಟಿದ ಹೆಂಗಸಿನ ಬಗ್ಗೆ ಒಬ್ಬರೂ ಕೇಳಲಿಲ್ಲ. ಅವಳ ಸಾಲಿಗೂ ಟೆಸ್ಟ್ ಇದೆ.

ಟೊರಾಂಟೊ ಹುಬ್ಬಳ್ಳಿ:
ಇಲ್ಲಿ ಕೇಳಿದ್ದು ಗಂಡು ಸಾಲಿನ ಬಗ್ಗೆ. ಪ್ರತಿ ಕಡೆ ಅಳಿಯಕಟ್ಟು ತರಬೇಡಿ.

ಉಡುಪಿಯವಳು:
ಗೋತ್ರ ತಂದವರು ನೀವು. ಹಂಗೇರಿಗೂ ನಿಮ್ಮ ಗೋತ್ರಕ್ಕೂ ಏನು ಸಂಬಂಧ? ನಾನು ನನ್ನ ಗಂಡನ ಅಜ್ಜಿಯ ಸಾಲು ಹುಡುಕಲು ಎರಡು ವರ್ಷ ಕೂತೆ. ಆ ರಿಜಿಸ್ಟರ್‌ಗಳಲ್ಲಿ ಹೆಂಗಸರ ತವರಿನ ಹೆಸರೂ ಬರೆದಿರುತ್ತಾರೆ, ಅದಕ್ಕೇ ಸಾಧ್ಯವಾಯಿತು. ಗಂಡು ಸಾಲು ಕಳಚಿದ ಕಡೆಯೆಲ್ಲ ಕೈ ಹಿಡಿದದ್ದು ಆ ತವರಿನ ಹೆಸರೇ.

ಬುಡಾಪೆಸ್ಟ್ ಮೈಸೂರಿಗ:
ಉಡುಪಿಯವರು ಹೇಳಿದ್ದು ಸರಿ. ನನಗೂ ಎರಡು ಕಡೆ ಹಾಗೇ ಆಗಿದೆ. ಅಪ್ಪನ ಹೆಸರಿನ ಜಾಗದಲ್ಲಿ ಗೆರೆ, ಪಕ್ಕದಲ್ಲಿ ಲ್ಯಾಟಿನ್‌ನಲ್ಲಿ ಇಲ್ಲೆಜಿಟಿಮಸ್ ಅಂತ ಒಂದೇ ಪದ.

ಧಾರವಾಡ ಟು ಕ್ಲೀವ್‌ಲ್ಯಾಂಡ್:
ತಂಗಿ, ಇನ್ನೊಂದು ಹೇಳುವುದು ಮರೆತೆ. ಎನ್ ಗುಂಪು ಬರಲಿಲ್ಲ ಅಂತ ಮಾವನವರು ಬೇಜಾರು ಮಾಡಿಕೊಳ್ಳದಿರಲಿ. ಭಾಷೆಯಲ್ಲಿ ಹಂಗೇರಿಯನ್ನರಿಗೆ ನೆಂಟರಾದ ಸೈಬೀರಿಯಾದ ಮಾನ್ಸಿಗಳ ಜೊತೆ ಸೇರುವ ಆ ಸಾಲು ಇವತ್ತಿನ ಹಂಗೇರಿಯನ್ನರಲ್ಲಿ ನೂರಕ್ಕೆ ಕೆಲವರಲ್ಲಿ ಮಾತ್ರ. ಹೊರ್ವಾತ್ ಅಂದರೆ ಕ್ರೊವೇಷಿಯಾದವ, ತೋತ್ ಅಂದರೆ ಸ್ಲಾವ್, ನೇಮೆತ್ ಅಂದರೆ ಜರ್ಮನ್. ಆ ದೇಶದ ಸಾಮಾನ್ಯ ಅಡ್ಡಹೆಸರುಗಳೇ ಹೀಗೆ. ಅಲ್ಲಿ ನೆಲೆ ನಿಂತವರೆಲ್ಲ ಹಂಗೇರಿಯನ್ನರಾದರು.

ರೆಜೈನಾ ಸೊಸೆ:
ಎಲ್ಲರಿಗೂ ಧನ್ಯವಾದ. ಕಿಟ್ ನಿನ್ನೆ ಬಂತು, ದೊಡ್ಡದೇ ತರಿಸಿದೆ. ಹಾಸನದವರು ಹೇಳಿದ ಪ್ರಶ್ನೆಯನ್ನು ಮಾವನವರಿಗೆ ಕೇಳಿದೆ. ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದರು. "ನಮ್ಮ ಜನ 1907ರಲ್ಲಿ ಮುಗಿಸಿದ ಕಲ್ಲಿನ ಚರ್ಚ್ ಅಲ್ಲೇ ಇದೆ. ನಮ್ಮಪ್ಪ ಅದರ ಪಕ್ಕದಲ್ಲಿ ಮಲಗಿದ್ದಾನೆ. ಏನೇ ಬರಲಿ, ಹೇಳು" ಅಂದರು. ಪಾಕ್ ವಿಷಯ ಇನ್ನೂ ಹೇಳಿಲ್ಲ. ಈಗ ಕಾಫಿ ಕುಡಿದುಬಿಟ್ಟಿದ್ದಾರೆ, ಒಂದು ಗಂಟೆ ಕಾಯಬೇಕಲ್ಲ. ಎದುರಿಗೇ ಗಡಿಯಾರ ನೋಡುತ್ತ ಕೂತಿದ್ದಾರೆ.

ಧಾರವಾಡ ಟು ಕ್ಲೀವ್‌ಲ್ಯಾಂಡ್:
ಬಾಯಿ ಮುಕ್ಕಳಿಸಲಿ, ಆಮೇಲೂ ಕಾಯಿರಿ. ಕೆನ್ನೆಯ ಒಳಗೆ ಗಟ್ಟಿಯಾಗಿ ಉಜ್ಜಬೇಕು, ಎರಡೂ ಕಡೆ, ಪೂರ್ತಿ ಒಂದೊಂದು ನಿಮಿಷ. ನಮ್ಮವರು ಸುಮ್ನೆ ತಾಗಿಸಿ ತೆಗೆದಿದ್ದರು. ಹಾಗಾಗಿಯೇ ಆ 11 ವಾರ.